ಲಿಗ್ನಿನ್ ಕರಗಿಸುವ ಶಿಲೀಂಧ್ರಗಳು: ಒಂದು ಶೋಧದ ಚರಿತ್ರೆ

ಮರದ ಒಣತೂಕದಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್. ಸೆಲ್ಯುಲೋಸ್ ಗ್ಲೂಕೋಸಿನ ಮಣಿಗಳನ್ನು ಒಂದೇ ರೀತಿ ಪೋಣಿಸಿದ ಸರ. ಆ ಒಂದು ಬಗೆಯ ಕೊಂಡಿಯನ್ನು ಗುರುತಿಸಬಲ್ಲ ಕಿಣ್ವಗಳಿಗೆ ಅದು ಮಣಿಯುತ್ತದೆ. ಲಿಗ್ನಿನ್ ಹಾಗಲ್ಲ. ಅದರಲ್ಲಿ ಫೀನಾಲ್ ಜಾತಿಯ ಉಂಗುರಗಳು ಹಲವು ಬಗೆಯ ಬಂಧಗಳಿಂದ, ಗೊತ್ತಾದ ಕ್ರಮವಿಲ್ಲದೆ ಹೆಣೆದುಕೊಂಡಿರುತ್ತವೆ. ಅದನ್ನು ಶಿಲೀಂಧ್ರ ಬಿಡಿಸುವ ಬಗೆ ತಿಳಿಯಲು ನೂರು ವರ್ಷ ಹಿಡಿಯಿತು.

ಕೊಳೆತ ಮರದಿಂದಲೇ ಅಣಬೆ ಹುಟ್ಟುತ್ತದೆ ಎಂಬ ನಂಬಿಕೆ 19ನೆಯ ಶತಮಾನದಲ್ಲೂ ಉಳಿದಿತ್ತು. ಜರ್ಮನಿಯ ರಾಬರ್ಟ್ ಹಾರ್ಟಿಗ್ 1878ರ ತನ್ನ ಗ್ರಂಥದಲ್ಲಿ ಅದನ್ನು ತಿರುವುಮುರುವು ಮಾಡಿದ: ಶಿಲೀಂಧ್ರದ ಎಳೆಗಳೇ ಮರವನ್ನು ಕೊಳೆಸುತ್ತವೆ. ಕೊಳೆತದಲ್ಲಿ ಮುಖ್ಯವಾಗಿ ಎರಡು ಬಗೆ. ಕಂದು ಕೊಳೆತದಲ್ಲಿ ಮರ ಚೌಕ ತುಂಡುಗಳಾಗಿ ಸೀಳಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ; ಸೆಲ್ಯುಲೋಸ್ ಹೋಗಿ ಮಾರ್ಪಟ್ಟ ಲಿಗ್ನಿನ್ ಉಳಿದಿರುತ್ತದೆ. ಬಿಳಿ ಕೊಳೆತದಲ್ಲಿ ಲಿಗ್ನಿನ್ನೂ ಕರಗಿ, ಮಾಸಲು ಬಿಳಿಯ ನಾರು ಕೈಗೆ ಬರುತ್ತದೆ.

1928ರಲ್ಲಿ ಬಾವೆನ್‌ಡಮ್ ಇವೆರಡನ್ನು ಬೇರ್ಪಡಿಸಲು ಸರಳ ಪರೀಕ್ಷೆಯೊಂದನ್ನು ತಂದ. ಟ್ಯಾನಿಕ್ ಅಥವಾ ಗ್ಯಾಲಿಕ್ ಆಮ್ಲ ಬೆರೆಸಿದ ಅಗರ್ ಮೇಲೆ ಬಿಳಿ ಕೊಳೆತದ ಶಿಲೀಂಧ್ರ ಬೆಳೆಸಿದರೆ ಸುತ್ತ ಕಂದು ಬಳೆ ಮೂಡುತ್ತದೆ. ಉತ್ಕರ್ಷಣೆಯ ಕಿಣ್ವ ಕೋಶದ ಹೊರಗೆ ಹರಿದು ಬರುತ್ತಿದೆ ಎಂಬುದಕ್ಕೆ ಅದೇ ಕುರುಹು. ಅನುಮಾನ ಸಹಜವಾಗಿ ಲ್ಯಾಕೇಸ್ ಎಂಬ ಕಿಣ್ವದ ಕಡೆ ತಿರುಗಿತು. 1883ರಲ್ಲೇ ಯೋಶಿದಾ ಜಪಾನಿನ ಅರಗಿನ ಮರದ ರಸದಲ್ಲಿ ಅದನ್ನು ಗುರುತಿಸಿದ್ದ. ಆದರೆ ಲಿಗ್ನಿನ್ನಿನ ಬಹುಪಾಲು ಉಂಗುರಗಳಲ್ಲಿ ಫೀನಾಲಿನ ತುದಿ ಮುಕ್ತವಾಗಿಲ್ಲ. ಅವು ಲ್ಯಾಕೇಸ್ ಒಂದಕ್ಕೇ ಬಗ್ಗುವುದಿಲ್ಲ.

ಸೆಲ್ಯುಲೋಸಿನ ಅಧ್ಯಯನ ಈ ನಡುವೆ ಮುಂದೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸೇನೆಯ ಹತ್ತಿಬಟ್ಟೆ, ಡೇರೆಗಳು ಕೊಳೆತವು. ಆಗ ಸಿಕ್ಕ, ಸೆಲ್ಯುಲೋಸ್ ಒಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರಕ್ಕೆ ಅದನ್ನು ಅಧ್ಯಯನ ಮಾಡಿದ ಎಲ್ವಿನ್ ರೀಸ್ ಹೆಸರಿನಲ್ಲಿ ಟ್ರೈಕೋಡರ್ಮಾ ರೀಸೈ ಎಂದು ಮುಂದೆ ನಾಮಕರಣವಾಯಿತು.

ಲಿಗ್ನಿನ್ನಿನ ಗಂಟು ಬಿಚ್ಚಿದ್ದು ಫ್ಯಾನೆರೊಕೀಟ್ ಕ್ರೈಸೋಸ್ಪೋರಿಯಂ ಎಂಬ ಬಿಳಿ ಕೊಳೆತದ ಶಿಲೀಂಧ್ರ. ಲಿಗ್ನಿನ್ ಎದುರಿಗಿದ್ದರೆ ಅದನ್ನು ಒಡೆಯುವ ಕಿಣ್ವ ಹೊರಡಬೇಕೆಂದು ಯಾರಿಗಾದರೂ ತೋಚುತ್ತದೆ. 1978ರಲ್ಲಿ ಕೀಸರ್, ಕರ್ಕ್, ಜೈಕಸ್ ಕಂಡದ್ದೇ ಬೇರೆ: ಸಾರಜನಕ ಮುಗಿದು ಶಿಲೀಂಧ್ರ ಹಸಿದಾಗ, ಲಿಗ್ನಿನ್ ಇರಲಿ ಬಿಡಲಿ, ಅದನ್ನು ಒಡೆಯುವ ಕಿಣ್ವಗಳ ವ್ಯವಸ್ಥೆ ಎಚ್ಚರಗೊಳ್ಳುತ್ತದೆ. ಮರದಲ್ಲಿ ಸಾರಜನಕ ಅತ್ಯಲ್ಪ ಎಂಬುದನ್ನು ನೆನೆದರೆ ಇದರ ಔಚಿತ್ಯ ತಿಳಿಯುತ್ತದೆ. ಹಸಿದ ಶಿಲೀಂಧ್ರವನ್ನೇ ಬೆಳೆಸುವ ಈ ಉಪಾಯದಿಂದ ದಾರಿ ತೆರೆಯಿತು. 1983ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಟಿಯೆನ್ ಮತ್ತು ಕರ್ಕ್, ಆರೆಗನ್‌ನಲ್ಲಿ ಗೋಲ್ಡ್ ಅವರ ತಂಡ ಲಿಗ್ನಿನ್ ಪೆರಾಕ್ಸಿಡೇಸನ್ನು ವರದಿ ಮಾಡಿದವು; ಮರುವರ್ಷ ಮ್ಯಾಂಗನೀಸ್ ಪೆರಾಕ್ಸಿಡೇಸ್ ಬಂತು.

ಲಿಗ್ನಿನ್ ಪೆರಾಕ್ಸಿಡೇಸ್ ಬಂಧವನ್ನು ನೇರವಾಗಿ ಕತ್ತರಿಸುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನ ಬಲದಿಂದ ಉಂಗುರದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತದೆ. ನೆಲೆತಪ್ಪಿದ ಅಣು ತಾನಾಗಿ ಒಡೆಯುತ್ತದೆ. ಕರ್ಕ್ ಮತ್ತು ಫಾರೆಲ್ 1987ರಲ್ಲಿ ಇದನ್ನು ಕಿಣ್ವದ ಮೂಲಕ ನಡೆಯುವ ದಹನ ಎಂದು ಕರೆದರು. ಕ್ರಮವಿಲ್ಲದ ವಸ್ತುವಿಗೆ ತಕ್ಕ ವಿಧಾನವೇ ಇದು. ಆದರೆ ಇನ್ನೂ ಕೊಳೆಯದ ಮರದ ಕೋಶಭಿತ್ತಿಯ ರಂಧ್ರಗಳಲ್ಲಿ ಕಿಣ್ವ ನುಸುಳದು. ಅದರ ಬದಲು ಅಲ್ಲಿಗೆ ಮ್ಯಾಂಗನೀಸ್ ಅಯಾನಿನಂಥ ಪುಟ್ಟ ಕಣ ಹೋಗುತ್ತದೆ. ಹಾಗೆಯೇ ಕಂದು ಕೊಳೆತದ ಶಿಲೀಂಧ್ರಗಳು ಕಬ್ಬಿಣ ಮತ್ತು ಪೆರಾಕ್ಸೈಡಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತವೆ.

2004ರಲ್ಲಿ ಫ್ಯಾನೆರೊಕೀಟ್ ಕ್ರೈಸೋಸ್ಪೋರಿಯಂನ ಜೀನೋಮ್ ಪ್ರಕಟವಾಯಿತು. 31 ಶಿಲೀಂಧ್ರಗಳ ಜೀನೋಮ್‌ಗಳನ್ನು ಹೋಲಿಸಿದ 2012ರ ಅಧ್ಯಯನ, ಈ ಪೆರಾಕ್ಸಿಡೇಸ್‌ಗಳ ಹುಟ್ಟನ್ನು ಸುಮಾರು 29 ಕೋಟಿ ವರ್ಷಗಳ ಹಿಂದಕ್ಕೆ ಒಯ್ದು, ಕಾರ್ಬೊನಿಫೆರಸ್ ಯುಗಾಂತ್ಯದಲ್ಲಿ ಕಲ್ಲಿದ್ದಲು ಕಡಿಮೆಯಾದದ್ದಕ್ಕೆ ಇವೂ ಕಾರಣವಿರಬಹುದೆಂದಿತು. 2016ರಲ್ಲಿ ನೆಲ್ಸೆನ್ ಮತ್ತು ಸಂಗಡಿಗರು ಇದನ್ನು ಒಪ್ಪಲಿಲ್ಲ: ಆ ಕಾಲದ ಎಷ್ಟೋ ಕಲ್ಲಿದ್ದಲು ಲಿಗ್ನಿನ್ ಕಡಿಮೆಯಿದ್ದ ಸಸ್ಯಗಳದು, ಅದು ರಾಶಿಬಿದ್ದದ್ದು ತೇವದ ಹವೆ ಮತ್ತು ಕುಸಿಯುತ್ತಿದ್ದ ತಗ್ಗುನೆಲಗಳಿಂದ.