ಆಟಿಕೆ ಲಾರಿಯ ಇಸವಿ ಯಾವುದು?



ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಆದರೂ ಅದು ಕ್ರಿ.ಶ. 450ರ ಸುಮಾರಿನದೆಂದು ಪಾಠ ಹೇಳುತ್ತಿದ್ದೆ. "ಹೇಗೆ ಗೊತ್ತು ಸಾರ್?" ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ಅಕ್ಷರಗಳ ರೂಪ, ಭಾಷೆಯ ಸ್ಥಿತಿ, ಅಲ್ಲಿ ಹೆಸರಿಸಲಾದ ಅರಸ, ಇವೆಲ್ಲವನ್ನೂ ಕೂಡಿಸಿ ವಿದ್ವಾಂಸರು ಕಾಲವನ್ನು ನಿರ್ಣಯಿಸುತ್ತಾರೆ ಎಂಬುದು ನನ್ನ ಉತ್ತರವಾಗಿತ್ತು. ಅದೇ ಪ್ರಶ್ನೆಯನ್ನು ಈಗ ಪೀಣ್ಯದಲ್ಲಿ ಸಣ್ಣದೊಂದು ಲೇತ್ ಕಾರ್ಖಾನೆ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಬೇರೆ ವಿಷಯಕ್ಕೆ ಕೇಳಿದ್ದಾನೆ. ದಿವಂಗತರಾದ ಅವನ ತಂದೆ ತುಮಕೂರು ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದವರು. ಆ ಲಾರಿಯ ಪುಟ್ಟ ಪ್ರತಿಕೃತಿಯನ್ನು ಮಾಡಿ ಮನೆಯಲ್ಲಿಡಬೇಕೆಂಬುದು ಅವನ ಆಸೆ. ಕೈಯಲ್ಲಿರುವುದು ಒಂದು ಹಳೆಯ ಛಾಯಾಚಿತ್ರ ಮತ್ತು ಯಾರೋ ತಂದುಕೊಟ್ಟ ಜರ್ಮನ್ ಲಾರಿಯ ಮಾದರಿ. "ಇದು ಯಾವ ಇಸವಿಯ ಲಾರಿ ಸಾರ್? ಅಪ್ಪನ ಲಾರಿಗೆ ಇದು ಹೊಂದುತ್ತದೆಯೇ?" ಎಂಬುದು ಅವನ ಪ್ರಶ್ನೆ.

ಮೊದಲಿಗೆ ಒಂದು ಎಚ್ಚರಿಕೆ. ಮಾದರಿಯ ತಳಭಾಗದಲ್ಲಿ ಅಚ್ಚಾಗಿರುವ ಇಸವಿಯನ್ನು ನಂಬಬಾರದು. ಮ್ಯಾಚ್‌ಬಾಕ್ಸ್, ಹಾಟ್ ವೀಲ್ಸ್ ಮುಂತಾದ ಆಟಿಕೆಗಳ ಅಡಿಯಲ್ಲಿರುವ ವರ್ಷ ಆ ಆಟಿಕೆಯ ವಿನ್ಯಾಸದ ಹಕ್ಕಿಗೆ ಸಂಬಂಧಿಸಿದ್ದು. ನಿಜವಾದ ವಾಹನ ಹುಟ್ಟಿದ ವರ್ಷವಲ್ಲ. ಜೋಡಿಸುವ ಕಿಟ್‌ಗಳಲ್ಲಿ ಇನ್ನೊಂದು ತೊಡಕಿದೆ. ಅಚ್ಚು ಮಾಡಿಸುವುದು ದುಬಾರಿಯಾದ್ದರಿಂದ ಒಂದೇ ಷಾಸಿಯನ್ನು, ಒಂದೇ ಚಕ್ರಗಳನ್ನು ಹಲವು ಬಗೆಯ ಕ್ಯಾಬಿನ್‌ಗಳಿಗೆ ಬಳಸುವುದು ವಾಡಿಕೆ. ಹೀಗಾಗಿ ಒಂದೇ ಪೆಟ್ಟಿಗೆಯೊಳಗೆ ಎರಡು ಮೂರು ಕಾಲಗಳು ಬೆರೆತಿರಬಹುದು. ಶಾಸನಕ್ಕೆ ಅನ್ವಯಿಸುವ ಸೂತ್ರವೇ ಇಲ್ಲಿಯೂ ಅನ್ವಯಿಸುತ್ತದೆ: ವಸ್ತುವಿನಲ್ಲಿರುವ ಅತ್ಯಂತ ಈಚಿನ ಅಂಶಕ್ಕಿಂತ ಹಿಂದಿನದು ಆ ವಸ್ತುವಾಗಿರಲಾರದು.

ಈ ಸೂತ್ರವನ್ನು ನಮ್ಮ ಬೆಂಗಳೂರಿನ ಮೂರು ಹೆದ್ದಾರಿಗಳ ಲಾರಿಗಳಿಗೆ ಹಚ್ಚಿ ನೋಡೋಣ.

ಮೊದಲನೆಯದು ತುಮಕೂರು ರಸ್ತೆ. ಪೀಣ್ಯ ಕೈಗಾರಿಕಾ ಪ್ರದೇಶ 1970ರ ದಶಕದಲ್ಲಿ ಬೆಳೆದಾಗ ಅದರ ಸರಕನ್ನು ಹೊತ್ತವುಗಳಲ್ಲಿ ಟಾಟಾ ಲಾರಿಗಳು ಮುಖ್ಯವಾದವು. 1945ರಲ್ಲಿ ಸ್ಥಾಪನೆಯಾದ ಟೆಲ್ಕೊ ಸಂಸ್ಥೆ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಒಪ್ಪಂದ 1969ರಲ್ಲಿ ಮುಗಿಯಿತು. ಅಲ್ಲಿಯವರೆಗೆ ಲಾರಿಯ ಮುಂಭಾಗದಲ್ಲಿ ಮರ್ಸಿಡಿಸ್‌ನ ಮೂರು ಮೊನೆಯ ನಕ್ಷತ್ರವಿತ್ತು. ಆಮೇಲೆ ಆ ಜಾಗಕ್ಕೆ ಟಾಟಾದ 'ಟಿ' ಅಕ್ಷರ ಬಂತು. ಉದ್ದನೆಯ ಬಾನೆಟ್ಟಿನ ಆ ಜರ್ಮನ್ ಮುಖ ಜರ್ಮನಿಯಲ್ಲಿ 1960ರ ದಶಕದ ಆರಂಭದಲ್ಲೇ ಕೊನೆಗೊಂಡರೂ ನಮ್ಮಲ್ಲಿ ಮುಂದುವರಿಯಿತು. ಆದುದರಿಂದ ಅದೇ ಮುಖದ ಮಾದರಿ ಜರ್ಮನಿಯ ಲೆಕ್ಕದಲ್ಲಿ 1950ರ ದಶಕದ್ದು, ನಮ್ಮ ಲೆಕ್ಕದಲ್ಲಿ 1970ರ ದಶಕದ್ದೂ ಆಗಬಹುದು. ಲಾಂಛನವೇ ಇಲ್ಲಿ ಸಾಕ್ಷಿ.

ಇನ್ನೂ ಒಂದು ಮಾತಿದೆ. ವಿದೇಶಗಳಂತೆ ನಮ್ಮ ಲಾರಿ ಇಡಿಯಾಗಿ ಕಾರ್ಖಾನೆಯಿಂದ ಬರುತ್ತಿರಲಿಲ್ಲ. ಬಹುಪಾಲು ಬರುತ್ತಿದ್ದುದು ಎಂಜಿನ್, ಬಾನೆಟ್ ಮತ್ತು ಷಾಸಿ ಮಾತ್ರ. ಚಾಲಕ ಮೈಯೆಲ್ಲ ಗಾಳಿಗೊಡ್ಡಿ ಅದನ್ನು ಓಡಿಸಿಕೊಂಡು ಬರುತ್ತಿದ್ದ. ಮರದ ಕ್ಯಾಬಿನ್ನು, ಹಿಂದಿನ ಬಾಡಿ, ತಲೆಯ ಮೇಲಿನ ಕ್ಯಾರಿಯರ್ ಎಲ್ಲವನ್ನೂ ಕಟ್ಟುತ್ತಿದ್ದವರು ಊರೂರಿನ ಬಡಗಿಗಳು, ಕಮ್ಮಾರರು, ಪೇಂಟರುಗಳು. ಬಾಡಿ ಹಳತಾದರೆ ಅದೇ ಷಾಸಿಗೆ ಹೊಸ ಬಾಡಿ ಕೂರುತ್ತಿತ್ತು. ಹೀಗಾಗಿ ನಮ್ಮ ಲಾರಿಗೆ ಎರಡು ಜನ್ಮವರ್ಷಗಳು: ಷಾಸಿಯದೊಂದು, ಬಾಡಿಯದೊಂದು. ಆರ್.ಸಿ. ಪುಸ್ತಕ ಮೊದಲನೆಯದನ್ನು ಹೇಳುತ್ತದೆ. ಎರಡನೆಯದನ್ನು ಹೇಳಬಲ್ಲದ್ದು ಛಾಯಾಚಿತ್ರ.

ಎರಡನೆಯದು ಹೊಸೂರು ರಸ್ತೆ. 1948ರಲ್ಲಿ ಆಸ್ಟಿನ್ ಕಾರುಗಳ ಜೋಡಣೆಗೆಂದು ಹುಟ್ಟಿದ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. 1980ರಲ್ಲಿ ಹೊಸೂರಿನಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಎಲೆಕ್ಟ್ರಾನಿಕ್ ಸಿಟಿ ಆಗ ಇನ್ನೂ ಕಣ್ಣು ಬಿಡುತ್ತಿತ್ತು. ಈ ಕಂಪನಿಯ 'ಕಾರ್ಗೊ' ಲಾರಿ ರಸ್ತೆಗಿಳಿದದ್ದು 1990ರ ದಶಕದಲ್ಲಿ. ಆದರೆ ಅದರ ಕ್ಯಾಬಿನ್ 1981ರಲ್ಲಿ ಬ್ರಿಟನ್ನಿನಲ್ಲಿ ಬಂದ ಫೋರ್ಡ್ ಕಾರ್ಗೊದ್ದು. ಬ್ರಿಟನ್ನಿನ ಕಾರ್ಗಿ ಕಂಪನಿ ಆ ಫೋರ್ಡ್ ಲಾರಿಯ ಆಟಿಕೆಯನ್ನು ತಯಾರಿಸಿತ್ತು. ಅದನ್ನು ತಂದು ಬಣ್ಣ ಬದಲಿಸಿ "1981ರ ಹೊಸೂರು ಲಾರಿ" ಎಂದು ಚೀಟಿ ಅಂಟಿಸಿದರೆ ಆಗ ಇಲ್ಲಿ ಇಲ್ಲದ ಲಾರಿಯನ್ನು ಸೃಷ್ಟಿಸಿದಂತಾಗುತ್ತದೆ.

ಮೂರನೆಯದು ವೈಟ್‌ಫೀಲ್ಡಿನಾಚೆಯ ಹೊಸಕೋಟೆ. ಅಲ್ಲಿ ವೋಲ್ವೊ ಕಾರ್ಖಾನೆ ಆರಂಭವಾದದ್ದು 1998ರಲ್ಲಿ. ಮೊದಲು ಬಂದ ಲಾರಿ ಎಫ್‌ಎಚ್ 12; ಯೂರೋಪಿನಲ್ಲಿ ಅದು 1993ರಲ್ಲೇ ಬಂದಿತ್ತು. 12 ಎಂದರೆ ಹನ್ನೆರಡು ಲೀಟರಿನ ಎಂಜಿನ್. 2005ರಲ್ಲಿ ಹದಿಮೂರು ಲೀಟರಿನ ಎಂಜಿನ್ ಬಂದಾಗ ಆ ಸಂಖ್ಯೆ ಹೋಯಿತು. 2012ರಲ್ಲಿ ಕ್ಯಾಬಿನ್ನೇ ಹೊಸದಾಯಿತು. ಇಟಲಿಯ ಇಟಾಲೆರಿ ಕಂಪನಿಯ 1:24 ಪ್ರಮಾಣದ ಎಫ್‌ಎಚ್ 12 ಕಿಟ್‌ಗಳು ಪ್ರಸಿದ್ಧ. ಹೊಸಕೋಟೆಯ ಮೊದಲ ಲಾರಿಯನ್ನು ಮಾಡುವವರು ಮುಂಭಾಗದಲ್ಲಿ '12' ಇರುವ ಹಳೆಯ ಕ್ಯಾಬಿನ್ನಿನ ಕಿಟ್ಟನ್ನೇ ಆರಿಸಬೇಕು. ಸ್ಟೀರಿಂಗ್ ಎಡಕ್ಕಿದ್ದರೆ ಬಲಕ್ಕೆ ತರಬೇಕು. ಇಸವಿ ಸರಿಯಿದ್ದು ದೇಶ ತಪ್ಪಿದರೂ ಮಾದರಿ ಸುಳ್ಳೇ.

ಇನ್ನು ಎಲ್ಲ ಲಾರಿಗಳಿಗೂ ಅನ್ವಯಿಸುವ ಸಾಕ್ಷಿ ನಂಬರ್ ಪ್ಲೇಟು. ಮೈಸೂರು ರಾಜ್ಯದ ಕಾಲದಲ್ಲಿ 'ಎಂವೈ' ಮುಂತಾದ ಅಕ್ಷರಗಳಿದ್ದವು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಅಲ್ಲಿಂದಾಚೆಗೆ 'ಸಿ'ಯಿಂದ ಆರಂಭವಾಗುವ ಮೂರಕ್ಷರಗಳ ಸಂಖ್ಯೆಗಳು ಕಾಣಿಸಿಕೊಂಡವು. 1989ರಲ್ಲಿ ದೇಶದಾದ್ಯಂತ ಹೊಸ ಪದ್ಧತಿ ಬಂದು 'ಕೆಎ' ಆಯಿತು. ಎಲೆಕ್ಟ್ರಾನಿಕ್ ಸಿಟಿಯ ಕೆಎ 51, ನೆಲಮಂಗಲದ ಕೆಎ 52, ಕೆ.ಆರ್. ಪುರದ ಕೆಎ 53 ಇನ್ನೂ ಈಚಿನವು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ನಂಬರ್ ಪ್ಲೇಟು ಕಡ್ಡಾಯವಾಯಿತು.

ಕೊನೆಯದಾಗಿ ಅಳತೆ. ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ನಡುವಣ ಅಂತರ 4200 ಮಿಲಿಮೀಟರ್ ಇರುವ ಲಾರಿ 1:24ರ ಮಾದರಿಯಲ್ಲಿ 175 ಮಿ.ಮೀ., ಅಮೆರಿಕದವರ 1:25ರಲ್ಲಿ 168 ಮಿ.ಮೀ., 1:43ರಲ್ಲಿ ಸುಮಾರು 98 ಮಿ.ಮೀ. ಬರಬೇಕು. ಮುಖ ಒಂದು ಲಾರಿಯದು, ಷಾಸಿ ಇನ್ನೊಂದರದು ಆಗಿದ್ದರೆ ಸ್ಕೇಲು ಹಿಡಿದ ಕೂಡಲೇ ಗೊತ್ತಾಗುತ್ತದೆ.

ಈಗ ಹುಡುಗನ ಚಿತ್ರಕ್ಕೆ ಬರೋಣ. (ಐವತ್ತು ದಾಟಿದರೂ ನನಗೆ ಅವನು ಹುಡುಗನೇ.) ಉದ್ದನೆಯ ಬಾನೆಟ್ಟು, ಅದರ ಮೇಲೆ 'ಟಿ'. ಆದುದರಿಂದ ಲಾರಿ 1969ಕ್ಕೆ ಮೊದಲಿನ ರೂಪದ್ದಲ್ಲ. ನಂಬರು 'ಸಿ'ಯಿಂದ ಆರಂಭ. ಆದುದರಿಂದ ನೋಂದಣಿ ಕರ್ನಾಟಕವೆಂಬ ಹೆಸರು ಬಂದ ಮೇಲಿನದು, 'ಕೆಎ' ಬರುವ ಮುಂಚಿನದು. ಉತ್ತರ ಒಂದು ಇಸವಿಯಲ್ಲ, 1973ರಿಂದ 1989ರವರೆಗಿನ ಅವಧಿ. ಜರ್ಮನ್ ಮಾದರಿಯ ಬಾನೆಟ್ಟನ್ನು ಉಳಿಸಿಕೊಳ್ಳಬಹುದು. ನಕ್ಷತ್ರ ತೆಗೆದು 'ಟಿ' ಕೂರಿಸಬೇಕು, ಸ್ಟೀರಿಂಗ್ ಬಲಕ್ಕೆ ತರಬೇಕು, ತಗಡಿನ ಕ್ಯಾಬಿನ್ ಕಳಚಿ ಚಿತ್ರದಲ್ಲಿರುವ ಮರದ ಕ್ಯಾಬಿನ್ನನ್ನು ತಾನೇ ಕಟ್ಟಬೇಕು. ಲೇತ್ ಹಿಡಿದ ಕೈಗೆ ಅದು ಕಷ್ಟವಲ್ಲ. ಕೆಳಗಿನ ಫಲಕದಲ್ಲಿ ಅವಧಿಯನ್ನೇ ಬರೆಯಲಿ. ಒಂದು ವರ್ಷವನ್ನು ಊಹಿಸಿ ಕೆತ್ತಿಸುವುದು ಬೇಡ. ಆರ್.ಸಿ. ಪುಸ್ತಕ ಸಿಕ್ಕ ದಿನ ತಿದ್ದಿಕೊಂಡರಾಯಿತು.

ಆಟಿಕೆಗೇಕೆ ಇಷ್ಟು ವಿಚಾರ ಎಂದು ನೀವು ಕೇಳಬಹುದು. ಕೇಂದ್ರ ಸರ್ಕಾರ 2021ರಲ್ಲಿ ಗುಜರಿ ನೀತಿಯನ್ನು ಪ್ರಕಟಿಸಿತು. ನೀತಿ ಬರುವ ಮೊದಲೇ ಹಳೆಯ ಲಾರಿಗಳ ಕಬ್ಬಿಣ ಕುಲುಮೆಗೆ, ಮರ ಒಲೆಗೆ ಹೋಗಿತ್ತು. ಪೀಣ್ಯಕ್ಕೆ ಉಕ್ಕು ತಂದ, ಯಶವಂತಪುರದ ಮಂಡಿಗೆ ಈರುಳ್ಳಿ ತಂದ ಲಾರಿಗಳಿಗೆ ವೀರಗಲ್ಲುಗಳಿಲ್ಲ. ಮುಂದಿನ ಪೀಳಿಗೆಗೆ ಉಳಿಯುವುದು ಇಂಥ ಮಾದರಿಗಳು ಮಾತ್ರ. ಮೂಲ ಅಳಿದ ಮೇಲೆ ಪ್ರತಿಯೇ ಪ್ರಮಾಣವಾಗುತ್ತದೆ. ಪ್ರತಿಯಲ್ಲಿ ತಪ್ಪಿದ್ದರೆ ತಪ್ಪೇ ಇತಿಹಾಸವಾಗುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಳೆಯ ಆಲ್ಬಮ್‌ಗಳಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರಿನ ಮುಂದೆ ಹಿರಿಯರು ನಿಂತಿರುವ ಚಿತ್ರವಿದ್ದರೆ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ಹೆಸರು, ಗೊತ್ತಿದ್ದಷ್ಟು ಇಸವಿಯನ್ನು ಇಂದೇ ಬರೆದಿಡಿ. ನೆನಪಿರುವ ಹಿರಿಯರು ಇನ್ನೂ ಮನೆಯಲ್ಲಿದ್ದರೆ ಮೊದಲು ಅವರನ್ನು ಕೇಳಿ.