ಅಲ್ ಥುಮಾಮಾ: ನೆಲದಡಿಯ ನೀರು, ನೆಲದ ಮೇಲಿನ ಜನ

ದೋಹಾ ನಗರದ ದಕ್ಷಿಣದ ಅಂಚಿನಲ್ಲಿ, ಹಮದ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪಶ್ಚಿಮಕ್ಕೆ ಹಬ್ಬಿರುವ ಬಡಾವಣೆ ಅಲ್ ಥುಮಾಮಾ. ಅಲ್ ವಕ್ರಾ ಕಡೆಗೆ ಹೋಗುವವರು ಇದರ ಮಗ್ಗುಲಲ್ಲೇ ಹಾದು ಹೋಗುತ್ತಾರೆ. ಮರಳುಬಣ್ಣದ ವಿಲ್ಲಾಗಳು, ಎತ್ತರದ ಕಾಂಪೌಂಡು ಗೋಡೆಗಳು, ತಾರಸಿಯ ಮೇಲೆ ನೀರಿನ ಟ್ಯಾಂಕುಗಳು. ಪ್ರವಾಸಿಗರು ಹುಡುಕಿಕೊಂಡು ಬರುವ ಕೋಟೆ ಕೊತ್ತಲಗಳಿಲ್ಲ. ಆದರೂ ಕತಾರ್ ತನ್ನ ಬದುಕನ್ನು ಹೇಗೆ ಕಟ್ಟಿಕೊಂಡಿದೆ, ಆ ಕಟ್ಟಡ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ತಿಳಿಯಬೇಕಾದವರು ಈ ಬಡಾವಣೆಯನ್ನು ನೋಡಬೇಕು.

ಭೂಪಟದಲ್ಲಿ ಕತಾರ್ ಪರ್ಯಾಯ ದ್ವೀಪ. ಮೂರು ಕಡೆ ಸಮುದ್ರ, ಒಂದು ಕಡೆ ಮಾತ್ರ ಸೌದಿ ಅರೇಬಿಯಾದ ನೆಲ. 2017ರ ಜೂನ್ 5ರಂದು ಸೌದಿ, ಯುಎಇ, ಬಹರೈನ್ ಮತ್ತು ಈಜಿಪ್ಟ್ ಸಂಬಂಧ ಕಡಿದುಕೊಂಡಾಗ ಆ ಒಂದು ಕಡೆಯೂ ಮುಚ್ಚಿತು. ಅಬೂ ಸಮ್ರಾ ಗಡಿಯ ಮೂಲಕ ಲಾರಿಗಳಲ್ಲಿ ಬರುತ್ತಿದ್ದ ಹಾಲು, ತರಕಾರಿ, ಕಟ್ಟಡ ಸಾಮಗ್ರಿ ಎಲ್ಲವೂ ನಿಂತವು. 2021ರ ಜನವರಿಯಲ್ಲಿ ಸಂಬಂಧ ಮತ್ತೆ ಬೆಸೆದ ಅಲ್ ಉಲಾ ಒಪ್ಪಂದವಾಗುವವರೆಗೆ, ಮೂರೂವರೆ ವರ್ಷ, ಈ ದೇಶ ನಿಜ ಅರ್ಥದಲ್ಲಿ ಸಣ್ಣದೊಂದು ದ್ವೀಪವಾಗಿ ಬದುಕಿತು.

ಹಾಲಿನ ಕಥೆ ಎಲ್ಲರಿಗೂ ಗೊತ್ತು. ಆವರೆಗೆ ಅಂಗಡಿಗಳ ಫ್ರಿಜ್ಜಿನಲ್ಲಿ ಸೌದಿಯ ಅಲ್ಮರಾಯ್ ಹಾಲೇ ತುಂಬಿರುತ್ತಿತ್ತು. 2017ರ ಜುಲೈನಲ್ಲಿ ಬಲದ್ನಾ ಕಂಪನಿಗಾಗಿ 165 ಹೋಲ್‌ಸ್ಟೀನ್ ಹಸುಗಳು ವಿಮಾನದಲ್ಲಿ ದೋಹಾಕ್ಕೆ ಬಂದಿಳಿದವು. ಕೆಲವೇ ವರ್ಷಗಳಲ್ಲಿ ಅದರ ಕೊಟ್ಟಿಗೆಗಳಲ್ಲಿ ಹಸುಗಳ ಸಂಖ್ಯೆ ಇಪ್ಪತ್ತು ಸಾವಿರ ಮೀರಿತು, ದೇಶಕ್ಕೆ ಬೇಕಾದ ಹಾಲು ದೇಶದಲ್ಲೇ ಸಿಗತೊಡಗಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಐವತ್ತು ಡಿಗ್ರಿಯ ಹತ್ತಿರ ಸುಳಿಯುವ ಬಿಸಿಲಿನಲ್ಲಿ ಹಸುಗಳನ್ನು ತಂಪಾಗಿಡಲು ವಿದ್ಯುತ್ ಬೇಕು, ನೀರು ಬೇಕು. ಮೇವನ್ನು ಹೊರಗಿನಿಂದ ತರಿಸಬೇಕು. ಸ್ವಾವಲಂಬನೆ ಬೇರೆ, ಬಹುಕಾಲ ಬಾಳುವ ವ್ಯವಸ್ಥೆ ಬೇರೆ. ಆ ಎರಡನೆಯದರ ನಿಜವಾದ ಪರೀಕ್ಷೆ ನೀರಿನಲ್ಲಿದೆ. ಥುಮಾಮಾದ ಮಹತ್ವ ಇರುವುದೂ ಅಲ್ಲೇ.

ಕತಾರಿನಲ್ಲಿ ಒಂದೂ ನದಿಯಿಲ್ಲ. ವರ್ಷದ ಸರಾಸರಿ ಮಳೆ ನೂರು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ಉಡುಪಿಯಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದುಬಿಡುತ್ತದೆ. ಕೃಷಿಗಾಗಿ ಎತ್ತಿ ಎತ್ತಿ ಅಂತರ್ಜಲ ಸೊರಗಿದೆ, ಉಪ್ಪಾಗಿದೆ. ನಲ್ಲಿಯಲ್ಲಿ ಬರುವುದು ಹೆಚ್ಚುಕಡಿಮೆ ಪೂರ್ತಿ ಉಪ್ಪು ತೆಗೆದ ಸಮುದ್ರದ ನೀರು. ಥುಮಾಮಾದಿಂದ ತುಸು ದೂರದ ಕಡಲತೀರದಲ್ಲಿರುವ ರಾಸ್ ಅಬೂ ಫಂತಾಸ್ ಸ್ಥಾವರ ದಶಕಗಳಿಂದ ಇದೇ ಕೆಲಸ ಮಾಡುತ್ತಿದೆ. ಕಡಲಿನಲ್ಲಿ ತೈಲ ಸೋರಿದರೆ, ಪಾಚಿ ಹಬ್ಬಿ ನೀರು ಕೆಂಪಾದರೆ, ಯುದ್ಧವಾದರೆ ಸ್ಥಾವರ ನಿಲ್ಲುತ್ತದೆ. ಆಮೇಲೆ ಊರಿಗೆ ನೀರು ಎಷ್ಟು ದಿನ?

ಕತಾರಿನ ಪ್ರಧಾನಿ ಶೇಖ್ ಮೊಹಮ್ಮದ್ ಬಿನ್ ಅಬ್ದುಲ್ ರಹಮಾನ್ 2025ರ ಮಾರ್ಚ್‌ನಲ್ಲಿ ಒಂದು ಸಂದರ್ಶನದಲ್ಲಿ ಇದಕ್ಕೆ ಉತ್ತರ ಹೇಳಿದ್ದರು. ಇರಾನಿನ ಅಣುಸ್ಥಾವರದ ಮೇಲೆ ದಾಳಿಯಾಗಿ ಕೊಲ್ಲಿಯ ನೀರು ಕೆಟ್ಟರೆ ಕತಾರಿನ ನೀರು ಮೂರೇ ದಿನದಲ್ಲಿ ಮುಗಿಯುತ್ತದೆ ಎಂದು ಹಿಂದೆ ಲೆಕ್ಕ ಹಾಕಿದ್ದರಂತೆ. ದೊಡ್ಡ ಜಲಾಗಾರಗಳನ್ನು ಕಟ್ಟಿದ್ದು ಆ ಭಯದಿಂದ. 2018ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಈ ಯೋಜನೆಗೆ ಆರಿಸಿದ ಐದು ತಾಣಗಳು ಉಮ್ ಬಿರ್ಕಾ, ಉಮ್ ಸಲಾಲ್, ರೌದತ್ ರಾಶಿದ್, ಅಬೂ ನಖ್ಲಾ ಮತ್ತು ಅಲ್ ಥುಮಾಮಾ. ಏಳು ದಿನಕ್ಕೆ ಸಾಲುವಷ್ಟು ನೀರನ್ನು ಕಾಂಕ್ರೀಟಿನ ಭಾರೀ ತೊಟ್ಟಿಗಳಲ್ಲಿ ಕೂಡಿಡುವುದು ಗುರಿ. ವಿದ್ಯುತ್ತು, ನೀರು ಎರಡನ್ನೂ ನೋಡಿಕೊಳ್ಳುವ ಕಹ್ರಾಮಾ ಸಂಸ್ಥೆಯದೇ ಈ ಯೋಜನೆ. ಒಂದು ದೇಶದ ಅನಿಲ ಸಂಪತ್ತೆಲ್ಲ ಏಳು ದಿನದ ನೀರಾಗಿ ಇಲ್ಲಿ ಕೂತಿದೆ ಎಂದು ನನಗೆ ಅನ್ನಿಸುತ್ತದೆ.

ಅದೇ ದಿಗ್ಬಂಧನದ ವರ್ಷಗಳಲ್ಲಿ ಇಲ್ಲಿ ಕ್ರೀಡಾಂಗಣವೂ ಎದ್ದಿತು. ವಾಸ್ತುಶಿಲ್ಪಿ ಇಬ್ರಾಹಿಂ ಜೈದಾ ಅದಕ್ಕೆ ಗಹ್ಫಿಯಾದ ರೂಪ ಕೊಟ್ಟರು. ಅರಬ್ ಗಂಡಸರು ತಲೆವಸ್ತ್ರದ ಕೆಳಗೆ ತೊಡುವ ಹೆಣಿಗೆಯ ಬಿಳಿ ಟೊಪ್ಪಿ ಅದು. ಭಟ್ಕಳ, ಮಂಗಳೂರಿನ ಮನೆಗಳಿಗೂ ಇಂಥ ಟೊಪ್ಪಿ ಹೊಸದಲ್ಲ. 2021ರ ಅಕ್ಟೋಬರ್ 22ರ ಅಮೀರ್ ಕಪ್ ಫೈನಲ್‌ನೊಂದಿಗೆ ಕ್ರೀಡಾಂಗಣ ಬಾಗಿಲು ತೆರೆಯಿತು. ಫುಟ್‌ಬಾಲ್ ವಿಶ್ವಕಪ್‌ನ ಎಂಟು ಪಂದ್ಯಗಳು ಇಲ್ಲಿ ನಡೆದವು. 2022ರ ಡಿಸೆಂಬರ್ 10ರಂದು ಮೊರಾಕೊ ಪೋರ್ಚುಗಲ್ಲನ್ನು 1-0 ಅಂತರದಲ್ಲಿ ಸೋಲಿಸಿ, ಸೆಮಿಫೈನಲ್ ಮುಟ್ಟಿದ ಮೊದಲ ಆಫ್ರಿಕನ್ ತಂಡವಾದದ್ದು ಇದೇ ಅಂಗಳದಲ್ಲಿ. ನಲವತ್ತು ಸಾವಿರಕ್ಕೂ ಮಿಕ್ಕಿದ ಆಸನಗಳಲ್ಲಿ ಅರ್ಧದಷ್ಟನ್ನು ಟೂರ್ನಿ ಮುಗಿದ ಮೇಲೆ ಬಿಚ್ಚಿ ಬಡ ದೇಶಗಳಿಗೆ ಕೊಡುವುದು, ಉಳಿದದ್ದನ್ನು ಬಡಾವಣೆಯ ಬಳಕೆಗೆ ಬಿಡುವುದು ಮೂಲ ಯೋಜನೆಯಲ್ಲಿತ್ತು. ಸುತ್ತಲಿನ ಉದ್ಯಾನಕ್ಕೆ ಸಂಸ್ಕರಿಸಿದ ನೀರು ಎಂಬುದೂ ಅದರ ಭಾಗ. ಒಂದು ತಿಂಗಳ ಹಬ್ಬಕ್ಕೆ ಕಟ್ಟಿದ್ದು ಐವತ್ತು ವರ್ಷ ಊರಿಗೆ ದಕ್ಕಬೇಕು ಎಂಬ ಯೋಚನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಇದನ್ನೆಲ್ಲ ಕಟ್ಟಿದವರು ಈ ವಿಲ್ಲಾಗಳಲ್ಲಿ ಇರುವವರಲ್ಲ. ಅವರ ವಾಸ ಹೆಚ್ಚಾಗಿ ಇಂಡಸ್ಟ್ರಿಯಲ್ ಏರಿಯಾದ ಕಡೆ, ನಮ್ಮವರು ಸನಾಯಾ ಎನ್ನುವಲ್ಲಿ. ಭಾರತ, ನೇಪಾಳ, ಬಾಂಗ್ಲಾದೇಶದ ಕಾರ್ಮಿಕರ ಬೆವರಿಗೆ ನ್ಯಾಯ ಸಿಗಲಿಲ್ಲವೆಂಬ ಟೀಕೆ ಜಗತ್ತಿನೆಲ್ಲೆಡೆ ಕೇಳಿಬಂದ ಮೇಲೆ ಕಾನೂನು ಬದಲಾಯಿತು. 2020ರಲ್ಲಿ ಮಾಲೀಕನ ಎನ್‌ಒಸಿ ಇಲ್ಲದೆ ಕೆಲಸ ಬದಲಿಸುವ ಹಕ್ಕು ಬಂತು, 2021ರ ಮಾರ್ಚ್‌ನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಕೂಲಿ ಜಾರಿಯಾಯಿತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯ ತನಕ ಬಯಲಿನಲ್ಲಿ ದುಡಿಸುವಂತಿಲ್ಲ. ಇವು ಬರಲೇಬೇಕಿದ್ದ ಕಾನೂನುಗಳು, ಬಂದದ್ದು ತಡವಾಗಿ.

ಥುಮಾಮಾದ ಬಾಡಿಗೆ ಮನೆಗಳಲ್ಲಿ ಕರಾವಳಿ ಕನ್ನಡಿಗರೂ ಇದ್ದಾರೆ. ವಿಲ್ಲಾವನ್ನು ಭಾಗ ಮಾಡಿ ಕೊಡುವ ‘ಪಾರ್ಟಿಷನ್’ ಮನೆಗಳು ಇಲ್ಲಿನ ಮಧ್ಯಮ ವರ್ಗದವರಿಗೆಲ್ಲ ಪರಿಚಿತ. ಕರ್ನಾಟಕ ಸಂಘ, ತುಳು ಕೂಟಗಳ ರಾಜ್ಯೋತ್ಸವ, ಯಕ್ಷಗಾನ ಎಂದು ಊರಿನ ನಂಟು ಉಳಿಸಿಕೊಂಡವರು ಇವರು. ಮಕ್ಕಳು ಇಲ್ಲೇ ಹುಟ್ಟಿ, ಇಲ್ಲೇ ಶಾಲೆ ಮುಗಿಸಿ, ಅಪ್ಪನ ವೀಸಾದ ಮೇಲೆ ಬೆಳೆಯುತ್ತಾರೆ. ಕೆಲಸ ಹೋದರೆ ಮನೆಮಂದಿಯೆಲ್ಲ ಹೊರಡಬೇಕು. 2018ರ ಕಾಯ್ದೆ ಶಾಶ್ವತ ವಾಸದ ಬಾಗಿಲನ್ನು ಸ್ವಲ್ಪ ತೆರೆಯಿತು: ಹೊರಗೆ ಹುಟ್ಟಿದವರಿಗೆ ಇಪ್ಪತ್ತು ವರ್ಷ, ಕತಾರಿನಲ್ಲೇ ಹುಟ್ಟಿದವರಿಗೆ ಹತ್ತು ವರ್ಷ ವಾಸದ ಷರತ್ತು, ವರ್ಷಕ್ಕೆ ನೂರು ಮಂದಿಗೆ ಮಾತ್ರ.

2008ರಲ್ಲಿ ಪ್ರಕಟವಾದ ‘ರಾಷ್ಟ್ರೀಯ ದೃಷ್ಟಿ 2030’ ಅನಿಲದ ಮೇಲಿನ ಅವಲಂಬನೆ ತಗ್ಗಿಸಿ, ಜ್ಞಾನ ಮತ್ತು ಕೌಶಲದ ಮೇಲೆ ನಿಲ್ಲುವ ಆರ್ಥಿಕತೆ ಬೇಕು ಎನ್ನುತ್ತದೆ. ಆ ಕೌಶಲ ಇರುವುದು ಪಂಪು ನಡೆಸುವ ಎಂಜಿನಿಯರ್, ಆಸ್ಪತ್ರೆಯ ನರ್ಸ್, ಶಾಲೆಯ ಟೀಚರ್ ಇವರ ಕೈಯಲ್ಲಿ. ಅವರಲ್ಲಿ ಬಹುಪಾಲು ವಲಸೆ ಬಂದವರು. ನೀರಿಗೆ ಏಳು ದಿನದ ಭದ್ರತೆ ಕಟ್ಟಿದ ದೇಶ ಈ ಜನರಿಗೂ ಒಂದು ಭದ್ರತೆ ಕಟ್ಟಬಹುದು. ನೂರರ ಮಿತಿಯನ್ನು ಏರಿಸುವುದು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಅಪ್ಪನ ಕೆಲಸಕ್ಕೆ ಕಟ್ಟುಬೀಳದ ವಾಸದ ಹಕ್ಕು ಕೊಡುವುದು ಅದರ ಮೊದಲ ಕೆಲಸವಾಗಲಿ.