ದೊರೆಯಿಲ್ಲದ ದಸರೆ

ಆಶ್ವಯುಜ ಶುದ್ಧ ಪಾಡ್ಯದಂದು ಕನ್ನಡ ನಾಡಿನಲ್ಲಿ ನವರಾತ್ರಿಯ ಕಲಶ ನೆಲೆಗೊಳ್ಳುವ ಹೊತ್ತಿಗೆ ಹಿಮಾಲಯದ ಮಡಿಲಿನ ನೇಪಾಳದಲ್ಲಿಯೂ ಮನೆಮನೆಗಳಲ್ಲಿ ಘಟಸ್ಥಾಪನೆ ಆಗುತ್ತದೆ. ನಮಗೆ ಅದು ದಸರೆ, ನೇಪಾಳಿಗರಿಗೆ ದಶೈನ್. ನಮ್ಮ ಹಬ್ಬ ಹತ್ತು ದಿನಕ್ಕೆ ಮುಗಿದರೆ ಅವರದು ಹುಣ್ಣಿಮೆಯವರೆಗೆ ಹದಿನೈದು ದಿನ ನಡೆಯುತ್ತದೆ. ದೇವಿ ಒಬ್ಬಳೇ, ಮಹಿಷಮರ್ದನದ ಕಥೆಯೂ ಒಂದೇ. ಆದರೆ ಈ ಎರಡನ್ನೂ ಒಟ್ಟಿಗಿಟ್ಟು ನೋಡುವುದಕ್ಕೆ ಬೇರೊಂದು ಕಾರಣವಿದೆ. ಎರಡೂ ಕಡೆಗಳಲ್ಲಿ ಇದು ಮನೆಯ ಹಬ್ಬವಾಗಿದ್ದಂತೆಯೇ ಅರಮನೆಯ ಹಬ್ಬವೂ ಆಗಿತ್ತು. ಎರಡೂ ಕಡೆಗಳಲ್ಲಿ ಅರಸೊತ್ತಿಗೆ ಅಳಿಯಿತು, ಹಬ್ಬ ಉಳಿಯಿತು. ದೊರೆಯ ಸುತ್ತ ಬೆಳೆದ ಉತ್ಸವ ದೊರೆ ಹೋದ ಮೇಲೆ ಯಾರದಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

ಶರತ್ಕಾಲದ ಈ ಹಬ್ಬ ಅರಸರಿಗೆ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಮಳೆ ಹಿಂದೆಗೆದು, ಹೊಳೆಗಳು ಇಳಿದು, ದಾರಿಗಳು ಗಟ್ಟಿಯಾಗುವ ಕಾಲವದು. ದಂಡು ಹೊರಡುವ ಮುನ್ನ ಆಯುಧಗಳನ್ನು ಪೂಜಿಸಬೇಕು, ಸೈನ್ಯವನ್ನು ಕಣ್ಣಾರೆ ನೋಡಬೇಕು, ಸಾಮಂತರ ನಿಷ್ಠೆಯನ್ನು ಖಚಿತಪಡಿಸಿಕೊಳ್ಳಬೇಕು. ವಿಜಯನಗರದ ಮಹಾನವಮಿಯಲ್ಲಿ ಈ ಮೂರೂ ನಡೆಯುತ್ತಿದ್ದವು. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್, 1520ರ ಸುಮಾರಿಗೆ ಕೃಷ್ಣದೇವರಾಯನ ಆಸ್ಥಾನವನ್ನು ಕಂಡ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯೆಸ್ ಇಬ್ಬರೂ ಅದರ ವೈಭವವನ್ನು ಬಣ್ಣಿಸಿದ್ದಾರೆ. ಹಂಪೆಯ ಮಹಾನವಮಿ ದಿಬ್ಬ ಇಂದಿಗೂ ಅದಕ್ಕೆ ಸಾಕ್ಷಿ. ಆ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅದರ ನೆಲೆಯಾಯಿತು.

ನೇಪಾಳದ ಕಥೆಯಲ್ಲಿ ಕನ್ನಡಿಗರ ಕುತೂಹಲ ಕೆರಳಿಸುವ ಒಂದು ಎಳೆಯಿದೆ. 1097ರಲ್ಲಿ ನಾನ್ಯದೇವನು ಮಿಥಿಲೆಯಲ್ಲಿ ಸ್ಥಾಪಿಸಿದ ರಾಜವಂಶದ ಹೆಸರು ಕರ್ಣಾಟ ವಂಶ. ಅದರ ರಾಜಧಾನಿ ಸಿಮ್ರೌನ್‌ಗಢ ಇಂದಿನ ನೇಪಾಳದ ತರಾಯಿಯಲ್ಲಿದೆ. ಚಾಳುಕ್ಯರ ಉತ್ತರದ ದಂಡಯಾತ್ರೆಗಳೊಡನೆ ಹೋಗಿ ಅಲ್ಲೇ ನೆಲೆಸಿದ ವೀರರ ಕುಲವಿದು ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹದಿನಾಲ್ಕನೆಯ ಶತಮಾನದ ಮೊದಲ ಪಾದದಲ್ಲಿ ಗಿಯಾಸುದ್ದೀನ್ ತುಘಲಕನ ದಾಳಿಗೆ ಆ ರಾಜ್ಯ ಕುಸಿದಾಗ ಅದರ ಕೊನೆಯ ಅರಸು ಹರಿಸಿಂಹದೇವನ ಪರಿವಾರವು ಕುಲದೇವತೆ ತಲೇಜುವನ್ನು ಭಕ್ತಪುರಕ್ಕೆ ಒಯ್ದಿತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಕಾಠ್ಮಂಡು ಕಣಿವೆಯ ಮಲ್ಲ ಅರಸರಿಗೂ ಆಕೆ ಕುಲದೇವತೆಯಾದಳು. ಇದರಿಂದ ದಶೈನ್ ಕನ್ನಡ ನಾಡಿನಿಂದ ಹೋದುದೆಂದು ಹೇಳಬರುವುದಿಲ್ಲ. ಅಂತಹ ಹೆಮ್ಮೆ ಇತಿಹಾಸಕ್ಕೆ ಒಪ್ಪುವುದೂ ಇಲ್ಲ. ಚಾಮುಂಡಿ ಒಡೆಯರಿಗಿದ್ದಂತೆ ತಲೇಜು ಮಲ್ಲರಿಗಿದ್ದಳು ಎಂಬ ಹೋಲಿಕೆಯಷ್ಟೇ ಇಲ್ಲಿ ಮುಖ್ಯ.

ಗೂರ್ಖಾದ ಪೃಥ್ವೀನಾರಾಯಣ ಶಾಹ 1768ರಲ್ಲಿ ಕಾಠ್ಮಂಡುವನ್ನು ಗೆದ್ದ ಬಳಿಕ ಶಾಹ ವಂಶ ಮಲ್ಲರ ದೇವತೆಯನ್ನು ಕೈಬಿಡಲಿಲ್ಲ. ತನ್ನ ಊರಿನ ಸಂಪ್ರದಾಯವನ್ನೂ ಅದಕ್ಕೆ ಕೂಡಿಸಿಕೊಂಡಿತು. ಗೂರ್ಖಾದ ಹಳೆಯ ಅರಮನೆಯಿಂದ ಬಾಳೆ, ಕಬ್ಬು ಮೊದಲಾದ ಪವಿತ್ರ ಸಸ್ಯಗಳ 'ಫೂಲ್‌ಪಾತಿ'ಯನ್ನು ಕಾಲ್ನಡಿಗೆಯಲ್ಲಿ ತಂದು ಸಪ್ತಮಿಯಂದು ಹನುಮಾನ್ ಢೋಕಾ ಅರಮನೆಯ ದಶೈನ್ ಮನೆಗೆ ಸೇರಿಸುವ ಪದ್ಧತಿ ಹೀಗೆ ಬೆಳೆಯಿತು. ಅಂದು ತುಂಡೀಖೇಲ್ ಮೈದಾನದಲ್ಲಿ ಸೈನ್ಯ ಗುಂಡು ಹಾರಿಸಿ ಗೌರವ ಸಲ್ಲಿಸುತ್ತದೆ.

ಇಷ್ಟರಲ್ಲಿ ಎರಡು ಹಬ್ಬಗಳೂ ಒಂದೇ ಅಚ್ಚಿನವೆಂದು ತೋರುತ್ತದೆ. ಆದರೆ ಪ್ರಜೆಗೂ ಪ್ರಭುವಿಗೂ ಇರುವ ಸಂಬಂಧವನ್ನು ಅವು ಬೇರೆ ಬೇರೆ ಬಗೆಯಲ್ಲಿ ಪ್ರಕಟಿಸಿದವು. ಮೈಸೂರಿನದು ದರ್ಶನದ ಹಬ್ಬ. ಸಿಂಹಾಸನದ ಮೇಲೆ, ಚಿನ್ನದ ಅಂಬಾರಿಯಲ್ಲಿ ಕುಳಿತ ಮಹಾರಾಜರನ್ನು ಜನ ದೂರದಿಂದ ನೋಡಿ ಕೈಮುಗಿದರು. ನೇಪಾಳದ್ದು ಸ್ಪರ್ಶದ ಹಬ್ಬ. ವಿಜಯದಶಮಿಯಂದು ಅಕ್ಕಿ, ಮೊಸರು, ಕುಂಕುಮ ಕಲಸಿದ ಟೀಕಾವನ್ನು ಹಿರಿಯರು ಕಿರಿಯರ ಹಣೆಗೆ ಹಚ್ಚಿ, ಕತ್ತಲಲ್ಲಿ ಬೆಳೆಸಿದ ಜವೆಯ ಹಳದಿ ಮೊಳಕೆ 'ಜಮರಾ'ವನ್ನು ಕೊಟ್ಟು ಹರಸುತ್ತಾರೆ. ದೊರೆ ಅಧಿಕಾರಿಗಳಿಗೂ ಸರದಿಯಲ್ಲಿ ನಿಂತ ಪ್ರಜೆಗಳಿಗೂ ಟೀಕಾ ಇಡುತ್ತಿದ್ದನು. ಮನೆಯ ಯಜಮಾನನಿಂದ ಸಿಂಹಾಸನದವರೆಗೆ ಅದೊಂದು ಸರಪಣಿ. ರಾಜ್ಯವೆಂಬುದು ದೊಡ್ಡದೊಂದು ಕುಟುಂಬ, ದೊರೆ ಅದರ ಹಿರಿಯ ಎಂಬ ಭಾವನೆ ಆ ಕುಂಕುಮದಲ್ಲಿತ್ತು.

ಅರಸೊತ್ತಿಗೆ ಹೋದಾಗ ಈ ವ್ಯತ್ಯಾಸ ಸ್ಪಷ್ಟವಾಯಿತು. ಮೈಸೂರಿನಲ್ಲಿ ಬದಲಾವಣೆ ಮೆಲ್ಲಗೆ ಬಂತು. 1950ರಿಂದ ರಾಜಪ್ರಮುಖರೂ 1956ರಿಂದ ರಾಜ್ಯಪಾಲರೂ ಆಗಿದ್ದ ಜಯಚಾಮರಾಜ ಒಡೆಯರು ಪ್ರಜಾಪ್ರಭುತ್ವ ಬಂದ ಮೇಲೂ ಅಂಬಾರಿಯೇರಿದರು. 1971ರಲ್ಲಿ ರಾಜಧನ ರದ್ದಾಯಿತು. ಉತ್ಸವದ ಹೊಣೆ ಸರ್ಕಾರದ್ದಾಗಿ ನಾಡಹಬ್ಬವೆನಿಸಿದಾಗ ಅಂಬಾರಿಯಲ್ಲಿ ಚಾಮುಂಡೇಶ್ವರಿಯ ವಿಗ್ರಹ ಕುಳಿತಿತು. ದರ್ಶನದ ಹಬ್ಬಕ್ಕೆ ಈ ಪರಿಹಾರ ಸಹಜವಾಗಿ ಒಗ್ಗಿತು. ನೋಡುವ ಕಣ್ಣಿಗೆ ಮೂರ್ತಿ ಸಾಕು. ನೇಪಾಳದಲ್ಲಿ 2008ರ ಮೇ 28ರಂದು ಅರಸೊತ್ತಿಗೆ ರದ್ದಾಗಿ ಗಣರಾಜ್ಯ ಬಂತು. ಅಲ್ಲಿ ಮೂರ್ತಿ ಸಾಲದು. ಟೀಕಾ ಇಡಲು ಜೀವಂತ ಕೈ ಬೇಕು. ಅದೇ ವರ್ಷ ಚುನಾಯಿತರಾದ ಮೊದಲ ರಾಷ್ಟ್ರಪತಿ ರಾಮ್ ಬರಣ್ ಯಾದವ್ ದಶೈನ್ ದಿನ ಪ್ರಜೆಗಳ ಹಣೆಗೆ ಟೀಕಾ ಇಟ್ಟರು. ಸಿಂಹಾಸನದ ಜಾಗವನ್ನು ಮೈಸೂರಿನಲ್ಲಿ ದೇವಿ ತುಂಬಿದಳು, ಕಾಠ್ಮಂಡುವಿನಲ್ಲಿ ಒಬ್ಬ ನಾಗರಿಕ ತುಂಬಿದನು.

ಹಾಗೆಂದು ಪ್ರಶ್ನೆ ತೀರಲಿಲ್ಲ. 1990ರಲ್ಲಿ ನೇಪಾಳಕ್ಕೆ ಬಹುಪಕ್ಷ ಪದ್ಧತಿ ಮರಳಿದ ಮೇಲೆ ಜನಜಾತಿಗಳ ಹಲವು ಮುಖಂಡರು, ದಶೈನ್ ತಮ್ಮ ಮೇಲೆ ರಾಜ್ಯವು ಹೇರಿದ ಹಬ್ಬ, ಟೀಕಾವನ್ನು ಒಲ್ಲೆವು ಎಂದರು. ಕುಟುಂಬವೆಂಬ ಉಪಮೆಯಲ್ಲಿ ತಾವು ಸದಾ ಕಿರಿಯರಾಗಿಯೇ ಉಳಿದೆವೆಂಬ ನೋವು ಅದರ ಹಿಂದೆ ಇತ್ತು. ನಮ್ಮಲ್ಲಿ ಪ್ರಶ್ನೆ ತಿರುಗುಮುರುಗಾಗಿ ಬಂತು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ದಸರೆಯನ್ನು ಉದ್ಘಾಟಿಸಿದ್ದರು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದಾಗ ಆಕ್ಷೇಪ ಎದ್ದಿತು. ಅದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ತಿರಸ್ಕೃತವಾಯಿತು. ಅವರು ಉದ್ಘಾಟಿಸಿದರು. ಅಲ್ಲಿ 'ಈ ಹಬ್ಬ ನಮ್ಮದಲ್ಲ' ಎಂದವರನ್ನು ಕಾಣುತ್ತೇವೆ, ಇಲ್ಲಿ 'ಈ ಹಬ್ಬ ನಿಮ್ಮದಲ್ಲ' ಎಂದವರನ್ನು. ದೊರೆಯ ಮಾತೇ ಕೊನೆಯಾಗಿದ್ದಾಗ ಸುಲಭವಾಗಿ ಏಳದ ಪ್ರಶ್ನೆಗಳಿವು. ಆಗ ಹಬ್ಬ ದೊರೆಯದಾಗಿತ್ತು, ಉಳಿದವರೆಲ್ಲ ಪ್ರಜೆಗಳಾಗಿ ಬಂದರು. ಈಗ ಎಲ್ಲರೂ ಒಡೆಯರಾದುದರಿಂದ ಯಾರು ಸೇರಿದರು, ಯಾರು ಹೊರಗುಳಿದರು ಎಂಬ ಲೆಕ್ಕವನ್ನು ಕೇಳಲೇಬೇಕಾಗಿದೆ.

ಅರಮನೆಗಿಂತ ಹಳೆಯದಾದ ಒಂದು ಪದರ ಮಾತ್ರ ಈ ವಿವಾದಗಳ ಕೆಳಗೆ ತಣ್ಣಗೆ ಹರಿಯುತ್ತಿದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿಯೂ ಘಟದ ಸುತ್ತ ಕಾಳು ಬಿತ್ತಿ ಸಸಿ ಬೆಳೆಸುತ್ತಾರೆ. ದಶಮಿಯ ಸಂಜೆ ಕಿರಿಯರು ಬನ್ನಿಯ ಎಲೆ ಕೊಟ್ಟು ಹಿರಿಯರಿಗೆ ಎರಗುತ್ತಾರೆ, ಬಂಗಾರದಂತೆ ಇರೋಣ ಎನ್ನುತ್ತಾರೆ. ವರ್ಷದ ಮುನಿಸನ್ನು ಆ ಎಲೆಯೊಡನೆ ಬಿಡುವುದೂ ಉಂಟು. ಜಮರಾ ಬೆಳೆಯುವ ನೇಪಾಳದ ಮನೆಗೂ ಬನ್ನಿ ಹಂಚುವ ಕನ್ನಡದ ಮನೆಗೂ ನಡುವೆ ಯಾವ ಅರಸನೂ ನಿಂತಿಲ್ಲ. ರಾಜ್ಯಗಳು ಹಬ್ಬವನ್ನು ಈ ಮನೆಗಳಿಂದಲೇ ಎರವಲು ಪಡೆದವು. ಎರವಲು ಪಡೆದುದನ್ನು ಹೊಸಿಲು ಕೇಳದೆ, ಕುಲ ಕೇಳದೆ ಎಲ್ಲರಿಗೂ ಹಂಚುವುದು ಗಣರಾಜ್ಯದ ಧರ್ಮ. ಹಬ್ಬ ಯಾರದು ಎಂಬ ಪ್ರಶ್ನೆಗೆ ಎರಡು ದೇಶಗಳೂ ಇನ್ನೂ ಆ ಉತ್ತರವನ್ನೇ ಬರೆಯುತ್ತಿವೆ.